ಘಾಟಿಯ ದಾರಿಯಲ್ಲಿ ಒಂದು ಹಳೆಯ ಯೆಜ್ಡಿ

ಕಳೆದ ತಿಂಗಳ ಒಂದು ಭಾನುವಾರ ನಾವು ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿದ್ದೆವು. ದೇವರ ದರ್ಶನಕ್ಕೆ ಎಂದರೆ ಪಕ್ಷದ ಗೆಳೆಯರು ನಗುತ್ತಾರೆ. ದರ್ಶನಕ್ಕಲ್ಲ ಎಂದರೆ ಮನೆಯವರು ಮುನಿಸಿಕೊಳ್ಳುತ್ತಾರೆ. ಆದ್ದರಿಂದ ಹೋಗಿದ್ದೆವು ಎಂದಷ್ಟೇ ಹೇಳಿ ಮುಂದುವರಿಯುತ್ತೇವೆ. ಜನ ಬಹಳವಿತ್ತು. ಈ ಗುಡಿಯಲ್ಲಿ ಒಂದೇ ಶಿಲೆಯಲ್ಲಿ ಮುಂದೆ ಸುಬ್ರಹ್ಮಣ್ಯ, ಹಿಂದೆ ನರಸಿಂಹ. ಹಿಂದಿರುವ ದೇವರನ್ನು ಕನ್ನಡಿಯಲ್ಲಿ ನೋಡಬೇಕು. ನೋಡಿ, ಹೊರಗೆ ಬಂದು, ಚಹದ ಅಂಗಡಿಯ ಬೆಂಚಿನ ಮೇಲೆ ಕುಳಿತಾಗ ನಮ್ಮ ಕಣ್ಣಿಗೆ ಬಿದ್ದದ್ದು ಎದುರಿಗೆ ಸಾಲಾಗಿ ನಿಂತಿದ್ದ ಮೋಟಾರು ಸೈಕಲ್ಲುಗಳು.

ಅವುಗಳಲ್ಲಿ ನಾಲ್ಕು ಹೊಸ ಗಾಡಿಗಳು, ಬೆಂಗಳೂರಿನ ಯುವಕರವು. ಹೊಸವೆಂದರೂ ನೋಡಲು ಹಳೆಯವು: ದುಂಡನೆಯ ದೀಪ, ಹನಿಯ ಆಕಾರದ ಪೆಟ್ರೋಲು ತೊಟ್ಟಿ, ಕಂದು ಚರ್ಮದಂತೆ ಕಾಣುವ ಸೀಟು. ಹಳೆಯ ಕಾಲದ ವೇಷ ತೊಟ್ಟ ಇಂಥ ಗಾಡಿಗಳಿಗೆ ಈಗ ಪೇಟೆಯಲ್ಲಿ 'ರೆಟ್ರೊ' ಎಂದು ಹೆಸರು. ಕೊಂಡ ಮೇಲೆ ಹುಡುಗರು ಅದನ್ನು ಇನ್ನಷ್ಟು ತಿದ್ದಿಸುತ್ತಾರೆ. ಹಿಂದಿನ ಮಡ್‌ಗಾರ್ಡು ಮೊಟಕು, ನಂಬರು ಪಟ್ಟಿ ಸೀಟಿನಡಿಗೆ, ಸೈಲೆನ್ಸರು ಬೇರೆ, ಎರಡು ಕನ್ನಡಿಗಳೂ ಮಾಯ. ದೇವರನ್ನು ನೋಡುವುದಕ್ಕೇ ಕನ್ನಡಿ ಬೇಕಾದ ಊರಿಗೆ ಕನ್ನಡಿ ಕಿತ್ತ ಗಾಡಿಯಲ್ಲಿ ಬಂದಿದ್ದಾರಲ್ಲ ಎಂದುಕೊಂಡೆವು.

ಸಾಲಿನ ಕೊನೆಯಲ್ಲಿ ಐದನೆಯದೊಂದು ನಿಂತಿತ್ತು. ಅದು ನಿಜವಾಗಿಯೂ ಹಳೆಯದು. ಕಡು ಕೆಂಪು ಬಣ್ಣದ ಯೆಜ್ಡಿ ರೋಡ್‌ಕಿಂಗ್. ಇದರ ಯಜಮಾನರು ನಮಗೆ ಪರಿಚಯದವರೇ. ದೊಡ್ಡಬಳ್ಳಾಪುರದಲ್ಲಿ ಮಗ್ಗ ರಿಪೇರಿ ಮಾಡುವ ಮೇಸ್ತ್ರಿ. ಐವತ್ತು ದಾಟಿದ ಮನುಷ್ಯ. ವಾರದ ಆರು ದಿನ ಮಗ್ಗದಿಂದ ಮಗ್ಗಕ್ಕೆ ಸುತ್ತುವುದು ಇದರಲ್ಲೇ, ಭಾನುವಾರ ಹೆಂಡತಿಯನ್ನು ಹಿಂದೆ ಕೂಡಿಸಿಕೊಂಡು ಘಾಟಿಗೆ ಬರುವುದೂ ಇದರಲ್ಲೇ. "ಏನಣ್ಣಾ, ಇನ್ನೂ ಮಾರಲಿಲ್ಲವೇ?" ಎಂದು ಕೇಳಿದೆವು. "ಮಾರಿದರೆ ನಾಳೆ ನನ್ನನ್ನು ಹೊರುವವರು ಯಾರು ಮೇಷ್ಟ್ರೇ?" ಎಂದರು. ಪಾಠ ಹೇಳುವುದನ್ನು ಬಿಟ್ಟು ವರ್ಷಗಳಾದರೂ ಊರಿನವರಿಗೆ ನಾವು ಮೇಷ್ಟ್ರೇ.

ಮೋಟಾರು ಸೈಕಲ್ಲಿನ ಸೊಗಸು ಬಣ್ಣಿಸುವುದಕ್ಕೆ ಈ ಪತ್ರಿಕೆಯಲ್ಲಿ ಜಾಗವೆಲ್ಲಿದೆ ಎಂದು ಓದುಗರಲ್ಲಿ ಕೆಲವರು ಕೇಳಬಹುದು. ಕೂಲಿ, ಬೋನಸ್ಸು, ನೂಲಿನ ಬೆಲೆ ಇವುಗಳ ನಡುವೆ ಇದೇನು ಶೋಕಿ ಎನ್ನಬಹುದು. ಶೋಕಿಯ ಮಾತೇ ಆಗಿದ್ದರೆ ನಾವೂ ಬರೆಯುತ್ತಿರಲಿಲ್ಲ. ಗಿರಣಿಯ ಪಾಳಿಗೆ ಹೋಗುವವನು, ಸೀರೆಯ ಗಂಟು ಕಟ್ಟಿಕೊಂಡು ವ್ಯಾಪಾರಿಯ ಅಂಗಡಿಗೆ ಹೋಗುವವನು, ಸೊಪ್ಪು ಹೊತ್ತು ಸಂತೆಗೆ ಹೋಗುವವನು, ಇವರೆಲ್ಲರ ದುಡಿಮೆ ಇಂದು ಎರಡು ಚಕ್ರದ ಮೇಲೆ ನಿಂತಿದೆ. ಆ ಎರಡು ಚಕ್ರವನ್ನು ತನ್ನ ಕೆಲಸಕ್ಕೆ ಹೊಂದುವಂತೆ ತಿದ್ದಿಕೊಳ್ಳುವ ಹಕ್ಕು ದುಡಿಯುವವನಿಗೆ ಉಂಟೇ ಇಲ್ಲವೇ, ಉಂಟಾದರೆ ಎಲ್ಲಿಯವರೆಗೆ ಎಂಬುದೇ ನಮ್ಮ ಪ್ರಶ್ನೆ.

ಮೊದಲು ಆ ಯೆಜ್ಡಿಯ ಹುಟ್ಟಿನ ಮಾತು. ಅದು ನಮ್ಮ ರಾಜ್ಯದ ಕೈಕೆಲಸ. ಚೆಕೊಸ್ಲೊವಾಕಿಯಾದ ಯಾನೆಚೆಕ್ ಎಂಬಾತ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರು ಸೈಕಲ್ಲಿನ ಹಕ್ಕು ಕೊಂಡು, ಎರಡು ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ ಜಾವಾ ಎಂದು ಹೆಸರಿಟ್ಟ. ಆ ಜಾವಾ ಗಾಡಿಯನ್ನು ತಯಾರಿಸುವ ಪರವಾನಗಿ ಪಡೆದು ಐಡಿಯಲ್ ಜಾವಾ ಕಂಪನಿ ಮೈಸೂರಿನಲ್ಲಿ ಕಾರ್ಖಾನೆ ಕಟ್ಟಿತು. 1961ರಲ್ಲಿ ಕೆಲಸ ಶುರುವಾಯಿತು. ಉದ್ಘಾಟಿಸಿದವರು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. ಎಪ್ಪತ್ತರ ದಶಕದಲ್ಲಿ ಜಾವಾ ಎಂಬ ಹೆಸರು ಹೋಗಿ ಯೆಜ್ಡಿ ಎಂಬುದು ಬಂತು. 250 ಸಿ.ಸಿ.ಯ ಎರಡು ಸ್ಟ್ರೋಕಿನ ಇಂಜಿನ್ನು, ಎರಡು ಸೈಲೆನ್ಸರು, ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸಬೇಕು.

ಅದರಲ್ಲೊಂದು ಜಾಣತನವಿತ್ತು. ಒದ್ದು ಚಾಲೂ ಮಾಡುವ ಸನ್ನೆಯೂ ಗೇರು ಬದಲಿಸುವ ಸನ್ನೆಯೂ ಒಂದೇ. ಅದನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕು. ಇಂಜಿನ್ನು ಹತ್ತಿಕೊಂಡ ಮೇಲೆ ಕೆಳಕ್ಕೆ ತಂದರೆ ಗೇರು. ಗೇರು ಒತ್ತುವಾಗ ಕ್ಲಚ್ಚು ತಾನೇ ಬಿಟ್ಟುಕೊಳ್ಳುತ್ತಿತ್ತು. ಎಡಗೈ ನೋಯುತ್ತಿರುವ ಕೂಲಿಯವನಿಗೆ ಇದೊಂದು ಉಪಕಾರ. ಹೀಗೆ ಬಿಡಿಭಾಗ ಕಡಿಮೆ ಇರುವ ಯಂತ್ರವನ್ನು ಮರದ ಕೆಳಗೆ ಗೋಣಿಚೀಲ ಹಾಸಿಕೊಂಡೇ ಬಿಚ್ಚಿ ಜೋಡಿಸಬಹುದು. ಎಷ್ಟೋ ಹುಡುಗರು ಮೆಕ್ಯಾನಿಕ್ ವಿದ್ಯೆಯ ಓನಾಮ ಕಲಿತದ್ದು ಈ ಗಾಡಿಯ ಮೇಲೆ.

1985ರ ಸುಮಾರಿಗೆ ಜಪಾನಿನ ಸಹಯೋಗದ 100 ಸಿ.ಸಿ. ಗಾಡಿಗಳು ಬಂದವು. ಕಡಿಮೆ ಪೆಟ್ರೋಲು ಕುಡಿಯುವ ಅವುಗಳ ಮುಂದೆ ಮೈಸೂರಿನ ಗಾಡಿ ಸೋಲುತ್ತ ಬಂದು 1996ರಲ್ಲಿ ಕಾರ್ಖಾನೆ ಮುಚ್ಚಿತು. ಮುಚ್ಚಿದ ಕಾರ್ಖಾನೆ ಎಂದರೇನು ಎಂಬುದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮುಂದೆ ಕಂಪನಿ ಕೋರ್ಟಿನ ಮೂಲಕ ಸಮಾಪನೆಗೆ ಹೋಯಿತು. ವಿಚಿತ್ರವಾದುದು ಆಮೇಲಿನ ಕಥೆ. ಯಂತ್ರಗಳು ನಿಂತವು, ಗೇಟಿಗೆ ಬೀಗ ಬಿತ್ತು, ಆದರೆ ಹೆಸರಿನ ಬೆಲೆ ಮಾತ್ರ ಏರುತ್ತ ಹೋಯಿತು. 2018ರ ನವೆಂಬರಿನಲ್ಲಿ ಮಹೀಂದ್ರದವರ ಬೆಂಬಲದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಜಾವಾ ಹೆಸರಿನಲ್ಲಿ ಹೊಸ ಗಾಡಿ ತಂದಿತು. 2022ರ ಜನವರಿಯಲ್ಲಿ ಯೆಜ್ಡಿ ಹೆಸರಿನಲ್ಲೂ ತಂದಿತು. ತಯಾರಾಗುವುದು ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀಥಂಪುರದಲ್ಲಿ. ಪೀಥಂಪುರದಲ್ಲಿ ಬೋಲ್ಟು ತಿರುಗಿಸುವವನೂ ನಮ್ಮ ಬಳಗದವನೇ, ಅವನ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ಯೆಜ್ಡಿ ಎಂಬ ಹೆಸರು ಯಾರದು ಎಂಬ ವ್ಯಾಜ್ಯ ಕರ್ನಾಟಕ ಹೈಕೋರ್ಟಿಗೆ ಹೋಯಿತು. 2022ರ ಡಿಸೆಂಬರಿನಲ್ಲಿ ಏಕಸದಸ್ಯ ಪೀಠ, ಹೆಸರು ಸಮಾಪನೆಯಲ್ಲಿರುವ ಹಳೆಯ ಕಂಪನಿಗೇ ಸೇರಿದ್ದು ಎಂದು ತೀರ್ಪು ಕೊಟ್ಟಿತು. ಅದರ ಮೇಲೆ ಮೇಲ್ಮನವಿಯೂ ಹೋಯಿತು.

ಕಾನೂನಿನ ಪ್ರಶ್ನೆ ವಕೀಲರಿಗೆ ಇರಲಿ. ನಾವು ಕೇಳುವುದು ಬೇರೆ. ಮೂವತ್ತೈದು ವರ್ಷ ಒಂದು ಹೆಸರನ್ನು ಬೆಲೆಯುಳ್ಳದ್ದಾಗಿ ಮಾಡಿದವರು ಯಾರು? ಮೈಸೂರಿನ ಕಾರ್ಮಿಕರು ಮಾಡಿದರು. ಕಾರ್ಖಾನೆ ಮುಚ್ಚಿದ ಮೇಲೂ ಆ ಹೆಸರು ಸಾಯದಂತೆ ರಸ್ತೆಯ ಮೇಲೆ ಓಡಿಸಿಕೊಂಡು ಬಂದವರು ಊರೂರಿನ ಮೆಕ್ಯಾನಿಕ್ಕುಗಳು. ಬಿಡಿಭಾಗ ಸಿಗದಿದ್ದಾಗ ಲೇತಿನಲ್ಲಿ ಕಡೆದರು, ಬೇರೆ ಗಾಡಿಯದನ್ನು ಅರದಿಂದ ಉಜ್ಜಿ ಕೂಡಿಸಿದರು. ಆ ಕೈಗಳಿಗೆ ಇದರಲ್ಲಿ ಒಂದು ಕಾಸಿನ ಪಾಲೂ ಇಲ್ಲ. ಹಳೆಯ ಕಾಲದ ಸೊಬಗು ಎಂದು ಅಂಗಡಿಯಲ್ಲಿ ಇಂದು ಒಂದೂವರೆ ಲಕ್ಷಕ್ಕೂ ಮೀರಿ ಮಾರುತ್ತಿರುವ ವಸ್ತುವಿನಲ್ಲಿ ಅವರ ಬೆವರೂ ಸೇರಿದೆ.

ಈಗ ಮೇಸ್ತ್ರಿಯ ಗಾಡಿಗೆ ಬರೋಣ. ಅದನ್ನು ಅವರು ಕೊಂಡಾಗ ಅದು ಗುಜರಿಯಲ್ಲಿತ್ತಂತೆ. ಕೈಯಾಸರೆ ಚಪ್ಪಟೆಯಾಗಿದ್ದು, ದಿನವಿಡೀ ಮಗ್ಗದಡಿ ಬಗ್ಗಿ ಕೆಲಸ ಮಾಡಿದ ಬೆನ್ನಿಗೆ ಮತ್ತೆ ಬಗ್ಗಿ ಓಡಿಸುವುದು ಆಗದೆ, ನಾಲ್ಕು ಬೆರಳು ಎತ್ತರದ ಕೈಯಾಸರೆ ಹಾಕಿದರು. ಮಳೆಗಾಲದಲ್ಲಿ ಕೈಕೊಡುತ್ತಿದ್ದ ಹಳೆಯ ಪಾಯಿಂಟ್ ಕಿತ್ತು ಎಲೆಕ್ಟ್ರಾನಿಕ್ ಕಿಡಿ ಕೂಡಿಸಿದರು. ಸೀಟಿನ ಹಿಂಭಾಗದಲ್ಲಿ ಎರಡು ಬೋಲ್ಟು ಮಾಡಿದರು: ಸೋಮವಾರ ಬೆಳಗ್ಗೆ ಆ ಬೋಲ್ಟಿಗೆ ತಗಡಿನ ಪೆಟ್ಟಿಗೆ ಕೂರುತ್ತದೆ, ಅದರಲ್ಲಿ ಸ್ಪ್ಯಾನರು, ಲಾಳಿ, ಬೆಲ್ಟು, ಗ್ರೀಸು. ಶನಿವಾರ ರಾತ್ರಿ ಪೆಟ್ಟಿಗೆ ಇಳಿಯುತ್ತದೆ, ಭಾನುವಾರ ಅಮ್ಮಾವ್ರು ಕೂರುತ್ತಾರೆ. ಅವರ ಸೆರಗು ಚಕ್ರಕ್ಕೆ ಸಿಗದಂತೆ ಬೆರಳು ದಪ್ಪದ ಸರಳು ಬಗ್ಗಿಸಿ ತಾವೇ ಒಂದು ಜಾಲರಿ ಬೆಸೆದಿದ್ದಾರೆ. ಬಣ್ಣವೂ ಅವರದೇ ಕೈಯದು. ಮಗಳ ಮದುವೆಗೆ ನೇಯ್ದ ಸೀರೆಯ ಅಂಚಿನ ಬಣ್ಣವಂತೆ. ಸೈಲೆನ್ಸರು ಮಾತ್ರ ಕಂಪನಿಯ ಹಳೆಯದೇ. "ಅದನ್ನು ಯಾಕೆ ಮುಟ್ಟಲಿಲ್ಲ?" ಎಂದರೆ, "ಆರು ದಿನ ಮಗ್ಗದ ಸದ್ದಿನಲ್ಲೇ ಇರ್ತೀನಲ್ಲ ಮೇಷ್ಟ್ರೇ, ಏಳನೇ ದಿನಕ್ಕೂ ಬೇಕಾ?" ಎಂದರು.

ಯಂತ್ರ ಬಂದಂತೆಯೇ ಇರಬೇಕು ಎನ್ನುವವರು ನೇಕಾರರ ಬೀದಿಗೆ ಬಂದು ನೋಡಬೇಕು. ದೊಡ್ಡಬಳ್ಳಾಪುರದಲ್ಲಿ ಯಾವ ಮಗ್ಗ ಬಂದಂತೆಯೇ ಇದೆ? ಸಾದಾ ಮಗ್ಗಕ್ಕೆ ಡಾಬಿ ಬಂತು, ಡಾಬಿ ಸಾಲದೆ ಜಕಾರ್ಡ್ ಏರಿತು, ಜಕಾರ್ಡಿನ ಎತ್ತರಕ್ಕೆ ಸೂರಿನ ತೊಲೆಯನ್ನೇ ಎತ್ತಿಸಿದವರಿದ್ದಾರೆ. ಯಂತ್ರವನ್ನು ಕೆಲಸಕ್ಕೆ ಬಗ್ಗಿಸದ ನೇಕಾರ ಉಳಿಯಲಿಲ್ಲ. ಆ ಕೈಗಳೇ ರಸ್ತೆಯ ಯಂತ್ರವನ್ನೂ ಬಗ್ಗಿಸಿದರೆ ಅದನ್ನು ಕಿಡಿಗೇಡಿತನ ಎನ್ನುವುದು ಹೇಗೆ? ನಾವೂ ಈ ವಿಷಯದಲ್ಲಿ ಹೊರಗಿನವರಲ್ಲ. ಪತ್ರಿಕೆಯ ಕಟ್ಟು ಸಾಗಿಸುವುದಕ್ಕೆ ನಮ್ಮ ಹಳೆಯ ಮೊಪೆಡ್ಡಿನ ಮುಂದುಗಡೆ ಒಂದು ಕಬ್ಬಿಣದ ತಟ್ಟೆ ಬೆಸೆಸಿಕೊಂಡಿದ್ದೇವೆ. ಈ ಲೇಖನ ಓದುತ್ತಿರುವ ನೀವು ಹಿಡಿದಿರುವ ಪ್ರತಿಯೂ ಆ ತಟ್ಟೆಯ ಮೇಲೆ ಕುಳಿತು ಬಂದಿರಬಹುದು.

ಆದರೆ ಮೇಸ್ತ್ರಿಯ ಆ ಪೆಟ್ಟಿಗೆಗೇ ಒಮ್ಮೆ ದಂಡ ಬಿತ್ತು. ಯಾವುದೋ ಒಂದು ಕೂಡುರಸ್ತೆಯಲ್ಲಿ ತಡೆದು, ಗಾಡಿಯ ರೂಪ ಬದಲಿಸಿದ್ದೀಯೆ ಎಂದರಂತೆ. ಯಾವ ನಿಯಮ ಎಂದು ಅವರು ಕೇಳಲಿಲ್ಲ, ಇವರು ಹೇಳಲಿಲ್ಲ. ದಂಡ ಕಟ್ಟಿ ಬಂದರು. ಆ ದಿನದ ಕೂಲಿಯೂ ಹೋಯಿತು, ಅತ್ತ ಕಾಯುತ್ತಿದ್ದ ಮಗ್ಗವೂ ನಿಂತಿತು.

ಆದ್ದರಿಂದ ಕಾಯಿದೆ ಏನು ಹೇಳುತ್ತದೆ ಎಂಬುದನ್ನು ನಾವು ಓದುಗರ ಮುಂದಿಡುತ್ತೇವೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಸೆಕ್ಷನ್ನಿನ ಪ್ರಕಾರ, ನೋಂದಣಿ ಪತ್ರದಲ್ಲಿ ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಬದಲಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದಿಂದ ಬಂದ ಒಂದು ಮೊಕದ್ದಮೆಯಲ್ಲಿ ಇದನ್ನೇ ಒತ್ತಿ ಹೇಳಿತು. ಅದೇ ವರ್ಷ ಕಾಯಿದೆಗೆ ತಿದ್ದುಪಡಿಯಾಗಿ 182ಎ ಎಂಬ ಸೆಕ್ಷನ್ನು ಸೇರಿತು: ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ ಐದು ಸಾವಿರ ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. ಅಂಗವಿಕಲರಿಗೆ ಹೊಂದುವಂತೆ ಗಾಡಿಯನ್ನು ಮಾರ್ಪಡಿಸುವುದಕ್ಕೆ ಅನುಮತಿ ಪಡೆಯುವ ದಾರಿಯನ್ನೂ ಅದೇ ಕಾಯಿದೆ ಇಟ್ಟಿದೆ. ಇದು ಒಳ್ಳೆಯದು, ಹಿಂದಿನ ಚಕ್ರದ ಪಕ್ಕಕ್ಕೆ ಎರಡು ಚಕ್ರ ಕೂಡಿಸಿಕೊಂಡ ಸ್ಕೂಟರಿನಿಂದ ಅನ್ನ ಕಂಡವರನ್ನು ನಾವು ಬಲ್ಲೆವು.

ಇನ್ನು ಪೆಟ್ಟಿಗೆಯ ಮಾತು. 1989ರ ಕೇಂದ್ರ ನಿಯಮಾವಳಿಯಲ್ಲಿ 123 ಎಂಬ ನಿಯಮವೊಂದಿದೆ. ಹಿಂದೆ ಕೂರುವವರಿಗೆ ಹಿಡಿದುಕೊಳ್ಳಲು ಹಿಡಿ ಇರಬೇಕು, ಕಾಲಿಡಲು ಮೆಟ್ಟಿಲಿರಬೇಕು, ಅವರ ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಅರ್ಧಕ್ಕಾದರೂ ಮರೆಯಿರಬೇಕು ಎಂಬುದು ಅದರ ಸಾರ. 2020ರಲ್ಲಿ ಇದಕ್ಕೆ ಸೇರ್ಪಡೆಯಾಗಿ, ಹಗುರವಾದ ಪೆಟ್ಟಿಗೆ ಕೂಡಿಸಬಹುದು ಎಂದು ಅಳತೆಯನ್ನೂ ಕೊಟ್ಟರು: ಉದ್ದ 550 ಮಿಲಿಮೀಟರು, ಅಗಲ 510, ಎತ್ತರ 500, ಅದನ್ನು ಮೀರಬಾರದು. ಹಿಂದೆ ಕೂರುವವರ ಜಾಗದಲ್ಲಿ ಪೆಟ್ಟಿಗೆ ಇಟ್ಟರೆ ಆ ಹೊತ್ತು ಇನ್ನೊಬ್ಬರನ್ನು ಕೂರಿಸಬಾರದು. ನಾವು ಚಹದ ಅಂಗಡಿಯಲ್ಲೇ ಇದನ್ನು ಮೇಸ್ತ್ರಿಗೆ ಓದಿ ಹೇಳಿದೆವು. ಅವರು ಬೆರಳು ಮಡಿಸಿ ಲೆಕ್ಕ ಹಾಕಿ, "ನಮ್ಮ ಪೆಟ್ಟಿಗೆ ಇದಕ್ಕಿಂತ ಒಂದು ಗೇಣು ಚಿಕ್ಕದು" ಎಂದರು. ಸೋಮವಾರ ಪೆಟ್ಟಿಗೆ, ಭಾನುವಾರ ಹೆಂಡತಿ ಎಂದು ಯಾರೂ ಹೇಳಿಕೊಡದೆ ತಾವೇ ಮಾಡಿಕೊಂಡಿದ್ದ ಏರ್ಪಾಡು ನಿಯಮಕ್ಕೆ ಸರಿಯಾಗಿ ಕೂತಿತ್ತು. ಆದರೂ ದಂಡ ಕಟ್ಟಿದ್ದರು. ನಿಯಮ ಇಂಗ್ಲಿಷಿನಲ್ಲಿ ದೆಹಲಿಯ ಗೆಜೆಟ್ಟಿನಲ್ಲಿದೆ, ದಂಡದ ರಸೀತಿ ಮಾತ್ರ ಕೂಡುರಸ್ತೆಯಲ್ಲಿ ಸಿಗುತ್ತದೆ. ಈ ಎರಡರ ನಡುವಿನ ದೂರವನ್ನು ಬಡವ ತನ್ನ ಜೇಬಿನಿಂದ ತುಂಬಿಕೊಡುತ್ತಿದ್ದಾನೆ.

ಹೀಗೆಂದ ಮಾತ್ರಕ್ಕೆ ಕಾಯಿದೆಯೇ ಬೇಡ, ಯಾರು ಏನನ್ನಾದರೂ ಬೆಸೆದುಕೊಳ್ಳಲಿ ಎಂಬ ಪಕ್ಷ ನಮ್ಮದಲ್ಲ. ರಸ್ತೆ ಒಬ್ಬನ ಸ್ವತ್ತಲ್ಲ. ಅಂದಿನ ನಾಲ್ಕು ಹೊಸ ಗಾಡಿಗಳಲ್ಲಿ ಮೂರಕ್ಕೆ ಸೆರಗಿನ ಜಾಲರಿ ಇರಲಿಲ್ಲ. ಅಂದ ಕೆಡುತ್ತದೆಂದು ಬಿಚ್ಚಿಸಿದ್ದರು. ನಮಗೆ ಬಹಳ ನೋವಾದದ್ದು ಇದರಿಂದ. ಸೀರೆಯನ್ನೇ ನೇಯ್ದು ಬದುಕುವ ತಾಲ್ಲೂಕಿನ ರಸ್ತೆಯಲ್ಲಿ, ಸೀರೆಯುಟ್ಟವಳ ಪ್ರಾಣ ಕಾಯುವ ನಾಲ್ಕು ಸರಳನ್ನು ಚಂದಕ್ಕಾಗಿ ಬಿಚ್ಚಿ ಎಸೆಯುವುದೇ? ತಂಗಿಯನ್ನೋ ತಾಯಿಯನ್ನೋ ಹಿಂದೆ ಕೂಡಿಸಿಕೊಳ್ಳುವ ದಿನ ಬಂದೀತು ಎಂಬ ಯೋಚನೆಯೂ ಆ ಚಂದದಲ್ಲಿ ಇಲ್ಲ. ದುಪಟ್ಟಾ, ಸೆರಗು ಚಕ್ರಕ್ಕೆ ಸಿಕ್ಕಿ ಬಿದ್ದವರ ಕಥೆ ಕೇಳದ ಊರು ನಮ್ಮಲ್ಲಿಲ್ಲ.

ಸದ್ದಿನ ವಿಷಯವೂ ಹಾಗೆಯೇ. ಸೈಲೆನ್ಸರಿನ ಹೊಟ್ಟೆ ಬಗೆದು ಗುಡುಗುವಂತೆ ಮಾಡುವುದು ಯಾರ ಕೆಲಸಕ್ಕೂ ಒದಗುವುದಿಲ್ಲ. ಘಾಟಿಯಲ್ಲಿ ದನಗಳ ಜಾತ್ರೆ ಸೇರುವುದು ಚಳಿಗಾಲದಲ್ಲಿ. ದೂರದ ಊರುಗಳಿಂದ ಜೋಡಿ ಎತ್ತು ಹೊಡೆದುಕೊಂಡು ಬರುವ ರೈತರು ದಿನಗಟ್ಟಲೆ ಬಯಲಿನಲ್ಲಿ ಬಿಡಾರ ಹೂಡುತ್ತಾರೆ. ಮೂಗುದಾರಕ್ಕೆ ಹೊಸದಾಗಿ ಒಗ್ಗಿದ ಹೋರಿಯ ಪಕ್ಕದಲ್ಲಿ ಈ ಗುಡುಗು ಸಿಡಿದರೆ ಏನಾಗುತ್ತದೆಂದು ಬೆಂಗಳೂರಿನ ಹುಡುಗನಿಗೆ ತಿಳಿಯದಿರಬಹುದು. ಹಗ್ಗ ಹಿಡಿದವನಿಗೆ ತಿಳಿಯುತ್ತದೆ. ಮಿತಿ ಮೀರಿದ ಸದ್ದಿಗೆ ಹತ್ತು ಸಾವಿರದವರೆಗೆ ದಂಡ ಹಾಕುವ ಅಧಿಕಾರವೂ, ಲೈಸೆನ್ಸನ್ನು ಮೂರು ತಿಂಗಳು ತಡೆಯುವ ಅಧಿಕಾರವೂ ಕಾಯಿದೆಯಲ್ಲಿದೆ. ಅದನ್ನು ಬಳಸಲಿ, ನಾವು ಅಡ್ಡ ಬರುವುದಿಲ್ಲ.

ಹಳೆಯ ಗಾಡಿಯ ದೋಷವನ್ನೂ ಮುಚ್ಚಿಡಬಾರದು. ಎರಡು ಸ್ಟ್ರೋಕಿನ ಇಂಜಿನ್ನು ಪೆಟ್ರೋಲಿನ ಜೊತೆ ಎಣ್ಣೆಯನ್ನೂ ಸುಡುತ್ತದೆ. ಅದರ ಹೊಗೆ ಘಾಟು. ಘಾಟಿಯಲ್ಲಿ ಘಾಟು ಎಂದು ನಾವು ತಮಾಷೆ ಮಾಡಿದರೂ ಮಗ್ಗದ ಧೂಳು ಕುಡಿದ ಪುಪ್ಪುಸಕ್ಕೆ ಅದು ತಮಾಷೆಯಲ್ಲ. ಮೇಸ್ತ್ರಿ ಎಣ್ಣೆಯನ್ನು ಅಳೆದು ಹಾಕುತ್ತಾರೆ, ಹೊಗೆ ತಪಾಸಣೆಯ ಚೀಟಿ ಇಟ್ಟುಕೊಂಡಿದ್ದಾರೆ. ಎಲ್ಲರೂ ಹಾಗೆ ಮಾಡುವುದಿಲ್ಲ.

ಆ ನಾಲ್ವರು ಯುವಕರನ್ನು ನಾವು ದೂರದಿಂದಲೇ ಬೈದು ಎದ್ದು ಬರಬಹುದಾಗಿತ್ತು. ಮೇಷ್ಟರ ಚಟ, ಮಾತಾಡಿಸಿದೆವು. ಒಬ್ಬ ಬೆಂಗಳೂರಿನಲ್ಲಿ ಮನೆಮನೆಗೆ ಊಟ ತಲುಪಿಸುವವನು. ವಾರವಿಡೀ ಗಡಿಯಾರದ ಜೊತೆ ಓಡುತ್ತಾನೆ; ಅದಕ್ಕೆ ಬೇರೊಂದು ಸ್ಕೂಟರಿದೆ. ಇದು ಕಂತಿನ ಮೇಲೆ ಕೊಂಡದ್ದು, ಕಂತು ತೀರಲು ಇನ್ನೂ ಎರಡು ವರ್ಷ. "ಇದರ ಮೇಲೆ ಕೂತಾಗ ಮಾತ್ರ ಯಾರೂ ನನ್ನ ಹೊತ್ತು ನೋಡಲ್ಲ ಸಾರ್" ಎಂದ. ನಮ್ಮ ಬಾಯಿ ಕಟ್ಟಿತು. ಶೋಕಿ ಎಂದು ನಾವು ಹೆಸರಿಟ್ಟದ್ದು ಅವನಿಗೆ ವಾರದಲ್ಲಿ ಅರ್ಧ ದಿನದ ಸ್ವಾತಂತ್ರ್ಯ. ಅವನ ಮೇಲೆ ಸಿಟ್ಟು ಮಾಡುವುದಕ್ಕಿಂತ, ಸೆರಗಿನ ಜಾಲರಿಯನ್ನೂ ಕನ್ನಡಿಯನ್ನೂ ಇಟ್ಟುಕೊಂಡೇ ಗಾಡಿ ಚಂದ ಮಾಡಬಹುದು ಎಂದು ಮೇಸ್ತ್ರಿಯ ಗಾಡಿ ತೋರಿಸುವುದು ಮೇಲು ಎನಿಸಿತು. ತೋರಿಸಿದೆವು. ನಾಲ್ವರೂ ಅದರ ಸುತ್ತ ಕುಕ್ಕರಗಾಲಿನಲ್ಲಿ ಕುಳಿತರು. ಕಿಕ್ಕೇ ಗೇರಾಗುವುದನ್ನು ಕಂಡು ಒಬ್ಬ ಮೂರು ಸಲ ಮಾಡಿ ನೋಡಿದ. ಹಣ ಕೊಟ್ಟು ಹಳೆಯ ವೇಷ ಕೊಂಡವರು ನಿಜವಾದ ಹಳೆಯದನ್ನು ಅಂದೇ ಮೊದಲು ಮುಟ್ಟಿದ್ದು.

ಇನ್ನೊಂದು ಅನ್ಯಾಯ ಹೇಳದೆ ಬಿಡುವಂತಿಲ್ಲ. ಹದಿನೈದು ವರ್ಷ ದಾಟಿದ ಮೋಟಾರು ಸೈಕಲ್ಲಿನ ನೋಂದಣಿ ನವೀಕರಿಸುವ ಶುಲ್ಕ ಮೊದಲು 300 ರೂಪಾಯಿ ಇದ್ದದ್ದು 2022ರ ಏಪ್ರಿಲಿನಿಂದ 1,000 ಆಯಿತು. 2025ರ ಆಗಸ್ಟಿನಲ್ಲಿ ಇಪ್ಪತ್ತು ವರ್ಷ ದಾಟಿದವಕ್ಕೆ 2,000 ಮಾಡಿದರು. ಜೊತೆಗೆ ರಾಜ್ಯದ ಹಸಿರು ತೆರಿಗೆ ಬೇರೆ, ಕಚೇರಿಗೆ ಅಲೆಯುವ ದಿನಗಳ ಕೂಲಿ ಬೇರೆ. ಹೊಗೆ ಕಡಿಮೆಯಾಗಲಿ ಎಂಬುದು ಉದ್ದೇಶವಂತೆ. ಹೊಗೆಯನ್ನು ಅಳೆಯುವ ಯಂತ್ರವಿರುವಾಗ ವಯಸ್ಸನ್ನು ಅಳೆದು ದಂಡ ಹಾಕುವುದೇಕೆ? ಚೆನ್ನಾಗಿಟ್ಟ ಇಪ್ಪತ್ತೈದು ವರ್ಷದ ಗಾಡಿಯೂ ಕೆಟ್ಟು ಕೆರ ಹಿಡಿದ ಅಷ್ಟೇ ವರ್ಷದ ಗಾಡಿಯೂ ಒಂದೇ ತಕ್ಕಡಿಯಲ್ಲಿ ತೂಗುತ್ತವೆ.

ಇತ್ತ 2021ರಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ದಾಟಿದ ಗಾಡಿಗಳಿಗೆ 'ವಿಂಟೇಜ್' ಎಂಬ ಬೇರೆ ವರ್ಗವೊಂದನ್ನು ಮಾಡಿತು. ಬೇಕಾದವರು 20,000 ರೂಪಾಯಿ ಕಟ್ಟಿ ಹತ್ತು ವರ್ಷದ ನೋಂದಣಿ ಪಡೆಯಬಹುದು. ನಂಬರು ಪಟ್ಟಿಯ ಮೇಲೆ 'ವಿ.ಎ.' ಎಂಬ ಅಕ್ಷರ ಬರುತ್ತದೆ. ಆದರೆ ಗಾಡಿ ಮೂಲ ರೂಪದಲ್ಲೇ ಇರಬೇಕು, ಪ್ರದರ್ಶನಕ್ಕೋ ರ್‍ಯಾಲಿಗೋ ಹೊರಡಿಸಬಹುದೇ ಹೊರತು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಗೋಡೌನಿನಲ್ಲಿ ಹೊದಿಕೆ ಹೊದಿಸಿ ಇಡುವವನಿಗೆ ಇದು ಗೌರವ. ಹಳೆಯ ಗಾಡಿಯಲ್ಲಿ ನೂಲು ಹೊರುವವನಿಗೆ ಇದರಿಂದ ಏನು ಬಂತು? ಕೆಲಸ ಮಾಡದ ಹಳೆಯದು ಸಂಪತ್ತು, ಕೆಲಸ ಮಾಡುವ ಹಳೆಯದು ಗುಜರಿ ಎಂಬ ಈ ನೋಟವನ್ನು ನಾವು ಒಪ್ಪುವುದಿಲ್ಲ. ಮನುಷ್ಯರ ವಿಷಯದಲ್ಲೂ ಇದೇ ನೋಟ ಉಳ್ಳವರನ್ನು ಗಿರಣಿಯ ಗೇಟಿನಲ್ಲಿ ನಾವು ಕಂಡಿದ್ದೇವೆ.

ನಾವು ಕೇಳುವುದು ಹೆಚ್ಚೇನಲ್ಲ. 123ನೆಯ ನಿಯಮ, 52ನೆಯ ಸೆಕ್ಷನ್ನು, ಪೆಟ್ಟಿಗೆಯ ಅಳತೆ, ಬಣ್ಣ ಬದಲಿಸಿದರೆ ನೋಂದಣಿ ಪತ್ರದಲ್ಲಿ ಹೇಗೆ ಬರೆಸಬೇಕು ಎಂಬುದು, ಇಷ್ಟನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು ಪ್ರತಿ ಸಾರಿಗೆ ಕಚೇರಿಯ ಮುಂದೆ, ಪ್ರತಿ ಪೊಲೀಸು ಠಾಣೆಯ ಗೋಡೆಯ ಮೇಲೆ ಹಾಕಲಿ. ತಡೆದು ದಂಡ ಹಾಕುವವರು ರಸೀತಿಯ ಮೇಲೆ ನಿಯಮದ ಸಂಖ್ಯೆ ಬರೆದುಕೊಡಲಿ. ಸಾರಿಗೆಯ ಇನ್‌ಸ್ಪೆಕ್ಟರು ತಿಂಗಳಿಗೊಂದು ದಿನ ಸಂತೆಯ ಊರಿಗೆ ಬಂದು ಕುಳಿತು ತಿದ್ದಿದ ಗಾಡಿಗಳನ್ನು ನೋಡಿ, ಬ್ರೇಕು ಹಿಡಿಯುತ್ತದೆಯೇ, ದೀಪ ಬೆಳಗುತ್ತದೆಯೇ, ಜಾಲರಿ ಇದೆಯೇ, ಸದ್ದು ಮಿತಿಯಲ್ಲಿದೆಯೇ ಎಂದು ಪರೀಕ್ಷಿಸಿ ಸರಿಯಿದ್ದುದಕ್ಕೆ ಚೀಟಿ ಕೊಡಲಿ. ಶುಲ್ಕವನ್ನು ಗಾಡಿಯ ವಯಸ್ಸಿಗಲ್ಲ, ಅದು ಬಿಡುವ ಹೊಗೆಗೆ ಕಟ್ಟಲಿ. ಮರದಡಿಯ ಮೆಕ್ಯಾನಿಕ್ಕುಗಳನ್ನು ಐ.ಟಿ.ಐ.ಯಲ್ಲಿ ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಏರ್ಪಾಡಾಗಲಿ. ಅವರ ಬೆಸುಗೆಗೆ ಅವರ ಹೆಸರು ಹೊಣೆಯಾಗುತ್ತದೆ. ಇದಕ್ಕೆ ಕೋಟಿಗಟ್ಟಲೆ ಹಣ ಬೇಡ, ಮನಸ್ಸು ಬೇಕು.

ನಮ್ಮ ಕಡೆಯಿಂದಲೂ ಒಂದು ಕೆಲಸವಾಗಬೇಕು. ಕಾರ್ಮಿಕ ಸಂಘಗಳೂ ವರ್ತಕರ ಸಂಘಗಳೂ ಈ ನಿಯಮಗಳನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಹಂಚಬಹುದು. ಪೆಟ್ಟಿಗೆ ಇಟ್ಟುಕೊಂಡವರು ಇವತ್ತೇ ಟೇಪು ಹಿಡಿದು ಅಳೆದುಕೊಳ್ಳಿ. ಹೆಚ್ಚಿದ್ದರೆ ಕತ್ತರಿಸಿ, ಸರಿಯಿದ್ದರೆ ಈ ಪತ್ರಿಕೆಯ ಪುಟವನ್ನು ಮಡಿಸಿ ಆ ಪೆಟ್ಟಿಗೆಯಲ್ಲೇ ಇಟ್ಟುಕೊಳ್ಳಿ. ಹೆಲ್ಮೆಟ್ಟಿನ ವಿಷಯದಲ್ಲಿ ಮಾತ್ರ ನಮ್ಮನ್ನು ವಕಾಲತ್ತಿಗೆ ಕರೆಯಬೇಡಿ. ಹಿಂದೆ ಕೂರುವವರಿಗೂ ಅದು ಬೇಕು, ಘಾಟಿಯ ತಿರುವುಗಳಲ್ಲಿ ಮಂಗ, ದನ, ಬಸ್ಸು ಮೂರೂ ಒಟ್ಟಿಗೆ ಎದುರಾಗುತ್ತವೆ.

ನಾವು ಏಳುವ ಹೊತ್ತಿಗೆ ಬಿಸಿಲು ಇಳಿದಿತ್ತು. ಮೇಸ್ತ್ರಿಯ ಮನೆಯವರು ಹಣ್ಣುಕಾಯಿಯ ಚೀಲ ಹಿಡಿದು ಬಂದು, ಹೆಲ್ಮೆಟ್ಟು ಕಟ್ಟಿಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕುಳಿತರು. ಕಾಲು ಆ ಸರಳಿನ ಜಾಲರಿಗೆ ಆನಿಸಿಕೊಂಡಿತು. ಮೂರನೆಯ ಒದೆತಕ್ಕೆ ಇಂಜಿನ್ನು ಹತ್ತಿಕೊಂಡಿತು. ಒದ್ದ ಸನ್ನೆಯನ್ನು ಕೆಳಕ್ಕೆ ತಿರುಗಿಸಿ ಗೇರು ಒತ್ತುತ್ತ ಮೇಸ್ತ್ರಿ, "ಆ ಅಳತೆ ಇನ್ನೊಂದ್ಸಲ ಹೇಳಿ ಮೇಷ್ಟ್ರೇ" ಎಂದರು. 550, 510, 500 ಎಂದು ಕೂಗಿ ಹೇಳಿದೆವು. ಊಟ ತಲುಪಿಸುವ ಹುಡುಗ ಅದನ್ನು ತನ್ನ ಫೋನಿನಲ್ಲಿ ಬರೆದುಕೊಂಡ.